ಎರಡು ಚಳಿಗಾಲದ ಬಿಯರ್

ಮಾರ್ಚ್ 3, ಸೋಮವಾರ

ಇದನ್ನು ಬರೆಯದೇ ಬಿಡುವವಳಿದ್ದೆ: ನಾಲ್ಕನೇ ಪೀಪಾಯಿಯ ಬಿಯರ್ ಇವತ್ತು ನನಗೆ ತುಂಬಾ ಹಿಡಿಸಿತು. ಹಿಡಿಸಿದ್ದಕ್ಕೇ ಸಿಟ್ಟು ಬಂತು.

ಪುಟ್ಟನ ಬಿಯರ್ ಕಾರ್ಖಾನೆಯಲ್ಲಿ ತಿಂಗಳ ಮೊದಲ ಸೋಮವಾರ ಪೀಪಾಯಿಗಳ ರುಚಿ ನೋಡುವ ದಿನ. ಎಂಟು ವರ್ಷದಿಂದ ಆ ಕೆಲಸ ನನ್ನದು. ಅದಕ್ಕೆ ಮೊದಲು ಸೋಪಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದಿನವಿಡೀ ಮೂಸುತ್ತಿದ್ದವಳನ್ನು "ಅಲ್ಲಿ ಮೂಸೋದನ್ನ ಇಲ್ಲಿ ಮೂಸು ಬಾ ಅಕ್ಕ, ಕೊನೇಪಕ್ಷ ನುಂಗೋಕಾದ್ರೂ ಆಗತ್ತೆ" ಎಂದು ಕರೆತಂದವನು ಅವನೇ. ನಲವತ್ತು ದಾಟಿ ತಲೆ ಬೋಳಾಗುತ್ತಿದ್ದರೂ ನನ್ನ ತಮ್ಮ ಅಮ್ಮನಿಗೂ ನನಗೂ ಇನ್ನೂ ಪುಟ್ಟನೇ.

ಹಿಂದಿನ ತಣ್ಣನೆಯ ಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಒಂಬತ್ತು ಪೀಪಾಯಿಗಳು ಮಲಗಿವೆ. ಮೊದಲು ರಮ್ ತುಂಬಿಸಿಟ್ಟಿದ್ದ ಪೀಪಾಯಿಗಳು. ಕಳೆದ ಅಕ್ಟೋಬರಿನಲ್ಲಿ ಅವುಗಳಿಗೆ ನಮ್ಮ ಕಪ್ಪು ಬಿಯರ್ ತುಂಬಿಸಿದೆವು. ಪ್ರತಿಯೊಂದರ ಮುಖಕ್ಕೂ ಒಂದು ಸಣ್ಣ ಸ್ಟೀಲ್ ಮೊಳೆ. ಮೊಳೆ ಕಿತ್ತರೆ ದಾರದಷ್ಟು ಸಪೂರವಾಗಿ ಬಿಯರ್ ಚಿಮ್ಮುತ್ತದೆ. ಲೋಟಕ್ಕೆ ಹಿಡಿದು, ಮೊಳೆಯನ್ನು ಮತ್ತೆ ಒತ್ತಬೇಕು. ಫೆಬ್ರುವರಿಯಲ್ಲಿ ನಾಲ್ಕನೆಯದರಲ್ಲಿ ಇದ್ದದ್ದು ಸೀದ ಬ್ರೆಡ್ಡಿನ ಅಂಚು, ಸೋಸಿದ ಕಾಫಿಯ ಚರಟ, ಎಲ್ಲೋ ದೂರದಲ್ಲಿ ಒದ್ದೆ ಹಲಗೆ. ಹಸಿಹಸಿ. ಇವತ್ತು ಅದೇ ಪೀಪಾಯಿ ಮೂರು ವರ್ಷ ನಿದ್ದೆ ಮಾಡಿ ಎದ್ದಂತಿತ್ತು. ಮೂಗಿಗೆ ಮೊದಲು ವೆನಿಲಾ, ಹಿಂದೆಯೇ ಮರ, ಆಮೇಲೆ ಬೆಚ್ಚಗೆ ರಮ್. ಹೀಗೆ ಎಂಟು ಪೀಪಾಯಿಗಳಲ್ಲೂ. ಗೋಡೆಯ ಮೂಲೆಯಲ್ಲಿರುವ ಒಂಬತ್ತನೆಯದು ಮಾತ್ರ ಹೋದ ತಿಂಗಳು ಹೇಗಿತ್ತೋ ಹಾಗೆಯೇ ಇತ್ತು.

"ಹೇಗಿದೆ ಮೇಡಂ?" ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದರು. ಬಿಯರ್ ಕುದಿಸುವವರು ಅವರೇ. "ಗಂಟಲಲ್ಲಿ ರೇಷ್ಮೆ ಇಳಿದ ಹಾಗಿಲ್ವಾ?"

"ಒಂದೇ ತಿಂಗಳಲ್ಲಿ ಇಷ್ಟು ಬದಲಾಗತ್ತಾ ಮೇಸ್ತ್ರಿ?"

"ಪೀಪಾಯಿ ಒಳಗೆ ಏನಾಗತ್ತೆ ಅಂತ ಪೀಪಾಯಿಗೇ ಗೊತ್ತಿರಲ್ಲ. ಬಸುರಿ ಹೊಟ್ಟೆ ಇದ್ದ ಹಾಗೆ."

"ಬಸುರಿಗೂ ಒಂಬತ್ತು ತಿಂಗಳು ಬೇಕು."

ಅವರು ನಕ್ಕರು. ನಾನು ನಗಲಿಲ್ಲ. ಲೋಟವನ್ನು ಸರಿಯಾಗಿ ತೊಳೆದಿಲ್ಲ, ಸೋಪಿನ ವಾಸನೆ ಬರುತ್ತಿದೆ ಎಂದು ಲೋಟ ತೊಳೆಯುವವಳ ಮೇಲೆ ರೇಗಿದೆ. ಸೋಪಿನ ವಾಸನೆ ಇರಲಿಲ್ಲ. ರುಚಿ ಹಾಳೆಯಲ್ಲಿ ನಾನು ಬರೆದದ್ದು: "ಪಕ್ವತೆಯು ನಿರೀಕ್ಷೆಗಿಂತ ಸ್ವಲ್ಪ ಮುಂಚಿತವಾಗಿ ಬಂದಿರುವಂತೆ ತೋರುತ್ತದೆ." ತೋರುತ್ತದಂತೆ! ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಯಾರಾದರೂ ನನ್ನಿಂದ ಕಲಿಯಬೇಕು.

ಬಹುಶಃ ತಪ್ಪು ನನ್ನದೇ. ಜನವರಿಯ ಜ್ವರ ಮೂಗಿನಲ್ಲಿ ಏನಾದರೂ ಉಳಿಸಿಹೋಗಿರಬಹುದು.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಪುಟ್ಟನ ಕೋಣೆಗೆ ಹೋದೆ. ಮೇಜಿನ ಮೇಲೆ ಲೇಬಲ್ಲಿನ ನಕ್ಷೆ ಹರಡಿಕೊಂಡು ಕೂತಿದ್ದ. ಕಪ್ಪು ಕಾಗದದ ಮೇಲೆ ಬಂಗಾರದ ಬಣ್ಣದಲ್ಲಿ: "ಎರಡು ಚಳಿಗಾಲ ಪೀಪಾಯಿಯಲ್ಲಿ ಮಾಗಿದ ಕಪ್ಪು ಬಿಯರ್". ಇಪ್ಪತ್ತೊಂಬತ್ತನೇ ತಾರೀಕು, ಶನಿವಾರ ಬಿಡುಗಡೆ. ಕಾರ್ಖಾನೆಗೆ ಹತ್ತು ವರ್ಷ ತುಂಬುವ ದಿನ.

"ಅಕ್ಟೋಬರಿನಲ್ಲಿ ತುಂಬಿಸಿದ್ದು ಕಣೋ. ಎರಡು ಚಳಿಗಾಲ ಎಲ್ಲಿಂದ ಬಂತು?"

"ಡಿಸೆಂಬರ್ ಹೋದ ವರ್ಷದ್ದು, ಜನವರಿ ಈ ವರ್ಷದ್ದು. ಎರಡಾಯ್ತಲ್ಲ ಅಕ್ಕ?" ಹಲ್ಲು ಕಿರಿದ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದಾಗ ನಗುತ್ತಿದ್ದ ಅದೇ ನಗು. ಆಗ ನಾನೂ ಅಮ್ಮನೂ ಕರಗಿಬಿಡುತ್ತಿದ್ದೆವು. ಇವತ್ತು ಅರ್ಧ ಕರಗಿದೆ.

ಉಳಿದರ್ಧದಲ್ಲಿ ಕೇಳಿದೆ: "ಪೀಪಾಯಿಗೆ ಏನಾದ್ರೂ ಸುರಿದಿದ್ದೀರಾ?"

ಅವನು ಲೇಬಲ್ಲನ್ನು ಮಡಿಸಿಟ್ಟ. "ಅಕ್ಕ, ಕೋಪ ಮಾಡ್ಕೋಬೇಡ. ಜ್ವರ ಬಂದಾಗ ಕಾಫಿ ವಾಸನೇನೂ ಹತ್ತಲ್ಲ ಅಂತ ಅತ್ತಿದ್ದೆ ನೀನು. ಈಗ ಮೂಗು ಸರಿಯಾಗಿದೆ ಅಂತ ಯಾರು ಹೇಳಿದ್ರು? ಡಾಕ್ಟ್ರಾ?"

"ನಾನೇ ಹೇಳಿದ್ದು."

"ಅದೇ ಮತ್ತೆ."

ಎಷ್ಟು ಮೆತ್ತಗೆ ಹೇಳಿದ! ಬಾಗಿಲವರೆಗೆ ಬಂದು ಬೆನ್ನು ತಟ್ಟಿದ. ಪ್ರತಿ ಹೊಸ ಬಿಯರಿಗೂ ನಾನು ಬರೆಯುವ ರುಚಿ ಟಿಪ್ಪಣಿ ಕಾರ್ಖಾನೆಯ ವೆಬ್ ಪುಟದಲ್ಲಿ ನನ್ನ ಸಹಿಯೊಂದಿಗೆ ಪ್ರಕಟವಾಗುತ್ತದೆ, ಹಾಕುವವಳೂ ನಾನೇ. ಅದನ್ನು ಓದಿಕೊಂಡು ಬರುವ ಜನ ಇದ್ದಾರೆ. ಬಾಟಲಿ ಹಿಡಿದು, "ನೀವು ಬರೆದ ಆ ಒಣದ್ರಾಕ್ಷಿ ನನಗೂ ಸಿಕ್ಕಿತು" ಎಂದು ಹೇಳಿ ಹೋಗುವವರು. "ಈ ಸಲ ಚೂರು ದೊಡ್ಡದಾಗಿ ಬರಿ ಅಕ್ಕ. ಹತ್ತು ವರ್ಷ ಅಲ್ವಾ" ಎಂದ.

ಮನೆಗೆ ಬರುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ಹಿಂದಿನ ಕಾರಿನವನು ಹಾರನ್ ಹೊಡೆದ. ಕಿಟಕಿ ಇಳಿಸಿ ಬೈದೆ. ಹಾಗೆ ಬೈದವಳಲ್ಲ ನಾನು.

ಮಾರ್ಚ್ 6, ಗುರುವಾರ

ತಪ್ಪು ಪೀಪಾಯಿಯದೋ ಮೂಗಿನದೋ ಎಂದು ತೀರ್ಮಾನಿಸಲು ಒಂದು ದಾರಿ ಇದೆ. ನಮ್ಮ ಕೆಲಸದಲ್ಲಿ ಅದಕ್ಕೆ ಮೂರು ಲೋಟದ ಪರೀಕ್ಷೆ ಎನ್ನುತ್ತೇವೆ. ಮೂರು ಲೋಟಗಳಲ್ಲಿ ಎರಡಕ್ಕೆ ಒಂದು ಬಿಯರ್, ಒಂದಕ್ಕೆ ಬೇರೆ. ಯಾವುದು ಬೇರೆ ಎಂದು ಹೇಳಬೇಕು. ಸುರಿಯುವವರು ಬೇರೆಯವರಾಗಿರಬೇಕು, ಸುರಿಯುವುದು ನನಗೆ ಕಾಣಬಾರದು, ಬಾಟಲಿಗಳೂ ಕಾಣಬಾರದು. ಮತ್ತೆ ಒಂದು ನಿಯಮ: ಗೊತ್ತಾಗದಿದ್ದರೂ ಒಂದನ್ನು ಆರಿಸಲೇಬೇಕು. "ಮೂರೂ ಒಂದೇ" ಎನ್ನುವಂತಿಲ್ಲ.

ನಾಲ್ಕನೆಯದರಿಂದ ಒಂದು, ಒಂಬತ್ತನೆಯದರಿಂದ ಒಂದು ಬಾಟಲಿ ತುಂಬಿಸಿಕೊಂಡೆ. ಮುಚ್ಚಳ ಬಿಗಿದು, ಮೇಲೆ ಟೇಪು ಸುತ್ತಿ, ಅಂಕಿ ಬರೆದೆ. ಕಾರ್ಖಾನೆಯಲ್ಲಿ ಯಾರ ಕೈಯಿಂದ ಸುರಿಸಿದರೂ ಅವರು ಪುಟ್ಟನ ಸಂಬಳದವರು. ಹಾಗಾಗಿ ಮನೆಯಲ್ಲೇ, ಅಮ್ಮನ ಕೈಯಿಂದ. ಪುಟ್ಟನಿಗೂ ಹೇಳಿದೆ. ಮುಚ್ಚಿಟ್ಟು ಮಾಡುವುದು ನನಗೆ ಸರಿಕಾಣಲಿಲ್ಲ. "ಮಾಡಕ್ಕ, ಖಂಡಿತ ಮಾಡು. ನಿನಗೂ ಸಮಾಧಾನ ಆಗ್ಲಿ" ಎಂದ. ಅವನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ನಾಚಿಕೆಯಾಯಿತು.

ಅಮ್ಮ ಜೀವನದಲ್ಲಿ ಒಂದು ತೊಟ್ಟು ಕುಡಿದವಳಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದಕ್ಕೆ ಇಷ್ಟೊಂದು ಬೆಲೆ ಕೊಟ್ಟು ಕುಡೀತಾರಾ? ರಸ್ತೆಗೆ ಟಾರು ಹಾಕೋರ ಹತ್ರ ಹೋದ್ರೆ ಬಿಟ್ಟಿ ಸಿಗ್ತಿತ್ತು."

"ಅಮ್ಮಾ, ಎರಡು ಲೋಟಕ್ಕೆ ಒಂದು ಬಾಟ್ಲಿದು, ಒಂದಕ್ಕೆ ಇನ್ನೊಂದು ಬಾಟ್ಲಿದು. ಯಾವುದು ಬೇರೆ ಅಂತ ಚೀಟೀಲಿ ಬರ್ಕೋ. ಬಾಟ್ಲಿ ನಿನ್ನ ಬೀರುವಿನಲ್ಲೇ ಇರಲಿ, ನನ್ನ ಕಣ್ಣಿಗೆ ಬೀಳಬಾರದು."

"ನಿನಗೆ ಹಾಲು ಕುಡಿಸೋಕೆ ಪಟ್ಟ ಪಾಡೇ ಸಾಕಾಗಿತ್ತು. ಈ ವಯಸ್ಸಲ್ಲಿ ಇದೂ ಬಂತು" ಎಂದಳು. ಆದರೂ ಒಪ್ಪಿದಳು.

ಮಾರ್ಚ್ 8, ಶನಿವಾರ

ಬೆಳಿಗ್ಗೆ ಹನ್ನೊಂದಕ್ಕೆ, ಕಾಫಿ ಕುಡಿಯದೆ, ಅಡುಗೆಮನೆಯ ಮೇಜಿನ ಮುಂದೆ ಕೂತೆ. ಅಮ್ಮ ತನ್ನ ಕೋಣೆಯಲ್ಲಿ ಸುರಿದು ತಟ್ಟೆಯಲ್ಲಿ ತಂದಿಟ್ಟಳು.

ಮೊದಲ ಲೋಟ: ವೆನಿಲಾ, ಮರ, ರಮ್. ಎರಡನೆಯದು: ಅದೇ. ಮೂರನೆಯದು: ಅದೇ.

ನೀರು ಕುಡಿದು, ಬ್ರೆಡ್ಡಿನ ಚೂರು ಅಗಿದು, ಮತ್ತೆ ಮೊದಲಿನಿಂದ. ಮೂರರಲ್ಲೂ ವೆನಿಲಾವೇ. ಒಂದರಲ್ಲಾದರೂ ಆ ಹಸಿ ಹಲಗೆ, ಆ ಸೀದ ಬ್ರೆಡ್ಡಿನ ಅಂಚು ಸಿಗಬೇಕಿತ್ತು. ಹಾಳೆಯ ಮೇಲೆ "ಮೂರೂ ಒಂದೇ" ಎಂದು ಬರೆದವಳು ನಿಯಮ ನೆನಪಾಗಿ ಹೊಡೆದುಹಾಕಿ, ಮಧ್ಯದ್ದನ್ನು ತೋರಿಸಿದೆ.

"ಅಲ್ಲ" ಎಂದಳು ಅಮ್ಮ, ಒಲೆಯ ಕಡೆ ತಿರುಗಿ. "ಎಡಗಡೇದು."

"ಸರಿಯಾಗಿ ನೋಡಿದ್ಯಾ?"

"ನನಗೆ ಓದೋಕೆ ಬರಲ್ವಾ?"

ಮಾರ್ಚ್ 9, ಭಾನುವಾರ

ಮತ್ತೆ ಮೂರೂ ಒಂದೇ. ಬಲಗಡೆಯದು ಎಂದೆ. ಮಧ್ಯದ್ದಂತೆ.

ಹೊಸ ಕಾಫಿ ಪುಡಿಯಲ್ಲಿ ಪರಿಮಳವೇ ಇಲ್ಲ ಎಂದು ಅಂಗಡಿಯವನಿಗೆ ಫೋನ್ ಮಾಡಿ ಜಗಳವಾಡಿದೆ. "ಅದೇ ಪುಡಿ ಮೇಡಂ, ಆರು ವರ್ಷದಿಂದ ನೀವು ಒಯ್ಯೋದು ಅದನ್ನೇ" ಎಂದ.

ಮಾರ್ಚ್ 11, ಮಂಗಳವಾರ

ಮೂರನೇ ಸಲವೂ ತಪ್ಪು.

ಒಂಬತ್ತರಲ್ಲಿ ವೆನಿಲಾ ವಾಸನೆ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಮೂರು ಲೋಟದಲ್ಲೂ ವೆನಿಲಾವೇ ಬರುತ್ತಿದೆ ಎಂದರೆ ಅದನ್ನು ಸುರಿಯುತ್ತಿರುವುದು ನನ್ನ ಮೂಗೇ. ಇಲ್ಲದ್ದನ್ನು ಹುಟ್ಟಿಸಿಕೊಂಡು ತಮ್ಮನ ಮೇಲೆ ಹೊರಿಸಿದ್ದೇನೆ. ಸೋಪಿನ ವಾಸನೆ ಎಂದು ರೇಗಿದೆ, ಪಾಪ, ಲೋಟ ತೊಳೆಯುವವಳ ಮೇಲೆ. ಕಾಫಿ ಅಂಗಡಿಯವನ ಮೇಲೆ. ಯಾರೋ ಹಾರನ್ ಹೊಡೆದವನ ಮೇಲೆ.

ನಲವತ್ತೇಳಕ್ಕೆ ಮೂಗು ಹೋದರೆ ನಾನು ಯಾರು? ಪ್ರಶ್ನೆಯನ್ನು ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಕೇಳಿಕೊಂಡರೆ ಗಂಭೀರವಾಗಿ ಕೇಳಿಸುತ್ತದೆ. ಮನೆಯ ಭಾಷೆಯಲ್ಲಿ ಕೇಳಿದರೆ ಅಳು ಬರುತ್ತದೆ.

ಮಾರ್ಚ್ 12, ಬುಧವಾರ

ಪುಟ್ಟನಿಗೆ ಕ್ಷಮೆ ಕೇಳಿದೆ. "ಅಯ್ಯೋ ಬಿಡಕ್ಕ, ಮನೆಯವರ ಹತ್ರ ಏನಿದೆ" ಎಂದ. ಟಿಪ್ಪಣಿ ಬರೆದುಕೊಡುತ್ತೇನೆ ಎಂದೆ. ಮೇಸ್ತ್ರಿಯನ್ನು ಕರೆದು ನನಗೆ ಕಾಫಿ ತರಿಸಿದ. ಯಾವತ್ತೂ ಇಲ್ಲದ ಉಪಚಾರ.

ಮಾರ್ಚ್ 14, ಶುಕ್ರವಾರ

ಬರೆದೆ: "ದೀರ್ಘ ನಿದ್ರೆಯಿಂದ ಎದ್ದ ಈ ಕಪ್ಪು ಬಿಯರಿನಲ್ಲಿ ಕಾಲವೇ ಕರಗಿದಂತಿದೆ. ಮರದ ಮೃದುತ್ವ ಹಾಗೂ ರಮ್ಮಿನ ಬೆಚ್ಚನೆಯ ನೆನಪು ನಾಲಿಗೆಯನ್ನು ನಿಧಾನವಾಗಿ ಆವರಿಸುತ್ತವೆ ಎನ್ನಬಹುದು."

ಓದಿದೆ. ಹರಿದೆ. ಕಾಲ ಕರಗಿದೆಯಂತೆ! "ಎನ್ನಬಹುದು" ಅಂತೆ! ಹೇಳುವವಳು ನಾನು, ಅನ್ನುವವರು ಯಾರೋ.

ಮಾರ್ಚ್ 16, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ಖಾಲಿ ಬಾಟಲಿಗಳನ್ನು ಕಾರ್ಖಾನೆಗೆ ಹಿಂದಿರುಗಿಸೋಣವೆಂದು ಅವಳ ಬೀರು ತೆರೆದೆ. ಸ್ವೆಟರುಗಳ ಹಿಂದೆ ಎರಡೂ ನಿಂತಿದ್ದವು. ನಾಲ್ಕರ ಬಾಟಲಿ ಖಾಲಿ. ಒಂಬತ್ತರದು ಕತ್ತಿನವರೆಗೂ ತುಂಬಿತ್ತು. ಮುಚ್ಚಳದ ಮೇಲೆ ನಾನು ಸುತ್ತಿದ ಟೇಪು ಸುತ್ತಿದಂತೆಯೇ ಇತ್ತು.

ನಿಂತಲ್ಲೇ ಟೇಪು ಕಿತ್ತು ಮೂಸಿದೆ. ಸೀದ ಬ್ರೆಡ್ಡು. ಕಾಫಿ ಚರಟ. ಒದ್ದೆ ಹಲಗೆ. ಎಲ್ಲಿಯೂ ವೆನಿಲಾ ಇಲ್ಲ. ಲೋಟಕ್ಕೂ ಸುರಿಯದೆ ಬಾಟಲಿಯಿಂದಲೇ ಒಂದು ಗುಟುಕು ಕುಡಿದೆ. ಹಸಿ, ಒರಟು, ಇನ್ನೂ ಬೆಳೆಯಬೇಕಾದ ಬಿಯರ್. ಎರಡಕ್ಕೂ ಆಕಾಶ ಭೂಮಿಯ ಅಂತರ. ನೆಗಡಿಯಾದವರಿಗೂ ಗೊತ್ತಾಗುವಷ್ಟು.

ಅಂದರೆ ಮೂರು ದಿನವೂ ನನ್ನ ಮುಂದೆ ಇದ್ದದ್ದು ಒಂದೇ ಬಿಯರ್. ಮೂರು ದಿನವೂ ನಾನು ಸರಿಯಾಗಿಯೇ ಹೇಳಿದ್ದೆ. ಸರಿಯಾಗಿ ಬರೆದು, ಹೊಡೆದುಹಾಕಿ, ತಪ್ಪನ್ನು ಆರಿಸಿಕೊಂಡಿದ್ದೆ.

ಅಮ್ಮ ಬಂದಾಗ ಎರಡೂ ಬಾಟಲಿ ಅಡುಗೆಮನೆಯ ಮೇಜಿನ ಮೇಲಿದ್ದವು. ನೋಡಿ ಚಪ್ಪಲಿ ಬಿಡುವುದನ್ನೂ ಮರೆತಳು.

"ಯಾಕಮ್ಮಾ?"

"ಎರಡೂ ಕಪ್ಪಗೇ ಇತ್ತಲ್ಲೇ. ಯಾವುದು ಸುರಿದರೇನು..."

"ಅಮ್ಮಾ."

ಅವಳು ಕುರ್ಚಿ ಎಳೆದು ಕೂತಳು. "ಅವನು ಫೋನ್ ಮಾಡಿದ್ದ. ಅಕ್ಕಂಗೆ ಕೆಲಸ ಜಾಸ್ತಿಯಾಗಿ ತಲೆ ಕೆಟ್ಟಿದೆ, ಏನೇನೋ ಅನುಮಾನ, ನಾಲ್ಕರ ಬಾಟ್ಲಿಯಿಂದಲೇ ಮೂರಕ್ಕೂ ಹಾಕು, ತಾನಾಗೇ ಸುಮ್ಮನಾಗ್ತಾಳೆ ಅಂದ."

"ಅವನು ಹೇಳಿದ, ನೀನು ಹಾಕಿದೆ."

"ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ್ದಾನೆ ಕಣೇ ಅದನ್ನ."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳ್ತಾರಾ!"

"ನೀನೂ ಹೆಗ್ಗಣವೇ. ನಿನ್ನನ್ನೂ ನಾನೇ ಹೆತ್ತಿದ್ದು."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ಅಮ್ಮ ಮೇಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತಾ ಹೇಳಿದಳು: "ನೀನು ಗೆದ್ದರೆ ಅವನು ಬೀಳ್ತಾನೆ. ನೀನು ಸೋತರೆ ಯಾರಿಗೂ ಏನೂ ಆಗಲ್ಲ ಅಂದ್ಕೊಂಡೆ."

ಯಾರಿಗೂ.

ಆ "ಯಾರಿಗೂ" ಎಂಬುದರಲ್ಲಿ ನಾನಿಲ್ಲ. ಹುಟ್ಟಿದಾಗಿನಿಂದ ಇದ್ದೆನೋ ಇಲ್ಲವೋ, ಈಗ ಹುಡುಕುವಷ್ಟು ತಾಳ್ಮೆ ಇಲ್ಲ. ಎಂಟು ದಿನ ನಾನು ಮೂಗು ಸತ್ತವಳ ಹಾಗೆ ಈ ಮನೆಯಲ್ಲಿ ಓಡಾಡಿದ್ದೇನೆ. ಸಾಬೂನು, ಟೂತ್‌ಪೇಸ್ಟ್, ಹಳೆಯ ಕೋಟು, ಎಲ್ಲವನ್ನೂ ಮೂಸಿ ನೋಡಿದ್ದೇನೆ. ಅಮ್ಮ ಅದನ್ನು ಅಡುಗೆಮನೆಯಲ್ಲಿ ನಿಂತು ನೋಡಿದ್ದಾಳೆ. ನೋಡಿಕೊಂಡೂ ಮೂರನೇ ದಿನ ಮತ್ತೆ ಸುರಿದು ತಂದಿದ್ದಾಳೆ.

ಮಾರ್ಚ್ 17, ಸೋಮವಾರ

ಮೊದಲು ಮೇಸ್ತ್ರಿ. ಪೀಪಾಯಿ ಕೋಣೆಯ ಬಾಗಿಲು ಹಾಕಿಕೊಂಡು ಕೇಳಿದೆ.

"ಏನು ಸುರಿದಿರಿ?"

"ಸಾಹೇಬರನ್ನ ಕೇಳಿ ಮೇಡಂ."

"ನಿಮ್ಮನ್ನ ಕೇಳ್ತಿದ್ದೀನಿ."

ಅವರು ಪೈಪನ್ನು ಸುತ್ತತೊಡಗಿದರು, ಸುತ್ತಿ ಮುಗಿದದ್ದನ್ನು ಬಿಚ್ಚಿದರು. "ಫೆಬ್ರುವರಿ ಮಧ್ಯದಲ್ಲಿ. ರಮ್ಮು, ಮತ್ತೆ ಡಬ್ಬೀಲಿ ಬರೋ ಮರದ ಸಾರ. ಒಂದೊಂದಕ್ಕೆ ಒಂದೊಂದು ಬಕೆಟ್ ಅಂದಾಜು."

"ಒಂಬತ್ತನೇದಕ್ಕೆ ಯಾಕೆ ಬಿಟ್ಟಿರಿ?"

"ಅದು ಮೂಲೇಲಿದೆ, ಬಿರಡೆ ಗೋಡೆ ಕಡೆ ಇದೆ. ಕೈ ಹೋಗಲ್ಲ. ಪೀಪಾಯಿ ಸರಿಸೋಕೆ ನಾಲ್ಕು ಜನ ಬೇಕು." ಆಮೇಲೆ, ನೆಲ ನೋಡುತ್ತಾ: "ಮನಸ್ಸಾಕ್ಷಿಗೆ ಬಿಟ್ಟೆ ಅಂತ ಹೇಳಬಹುದಿತ್ತು. ಸೋಮಾರಿತನ ಮೇಡಂ."

"ಗಂಟಲಲ್ಲಿ ರೇಷ್ಮೆ ಅಂದ್ರಲ್ಲ ಮೇಸ್ತ್ರಿ!"

"ರೇಷ್ಮೆಯೇ. ಬಾಡಿಗೆದು."

ಅವರ ಮೇಲೆ ಕೂಗಾಡಿದೆ. ಅವರು ಕೇಳಿಸಿಕೊಂಡರು. ಕೂಗಾಡಿದ್ದು ಸಾಕೆನ್ನಿಸಲಿಲ್ಲ, ಆದರೆ ಕೂಗಾಡಬೇಕಾದದ್ದು ಇವರ ಮೇಲಲ್ಲ ಎಂದು ಗೊತ್ತಿತ್ತು.

ಪುಟ್ಟ ತನ್ನ ಕೋಣೆಯಲ್ಲಿ ಫೋನಿನಲ್ಲಿದ್ದ. ಒಂಬತ್ತರ ಬಾಟಲಿಯನ್ನು ಅವನ ಮುಂದಿಟ್ಟೆ. ಫೋನ್ ಇಟ್ಟ.

"ಅಮ್ಮ ಹೇಳಿಬಿಟ್ಳಾ?"

ಇದು ಅವನ ಮೊದಲ ಮಾತು. ತಪ್ಪಾಯ್ತು ಅಂತಲ್ಲ.

"ನನ್ನ ಮೂಗು ಹೋಗಿದೆ ಅಂತ ನನಗೇ ನಂಬಿಸಿದೆ."

"ನಿನಗೆ ಗೊತ್ತಾಗತ್ತೆ ಅಂತ ಗೊತ್ತಿತ್ತು. ಅದಕ್ಕೇ. ನಿನ್ನ ನಾಲಿಗೆಗೆ ಹೆದರಿ ಮಾಡಿದ್ದು ಅಕ್ಕ, ಹೊಗಳಿಕೆ ಅಂತ ತಗೋ."

ಆ ಬಾಟಲಿ ಅವನ ತಲೆಯ ಮೇಲೆ ಒಡೆಯದೆ ಉಳಿದದ್ದು ನನ್ನ ಸಭ್ಯತೆಯಿಂದಲ್ಲ. ಅದರಲ್ಲಿದ್ದದ್ದು ಆ ಕಾರ್ಖಾನೆಯ ಒಂದೇ ಪ್ರಾಮಾಣಿಕ ಬಿಯರ್.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದೆ. "ಎಂಟು ಪೀಪಾಯಿ. ಇನ್ನೊಂದು ಚಳಿಗಾಲ ಬಿಟ್ಟಿದ್ದರೆ ತಾವಾಗೇ ಆಗ್ತಿದ್ವು."

"ಹತ್ತನೇ ವರ್ಷ ಇನ್ನೊಂದು ಚಳಿಗಾಲ ಕಾಯತ್ತಾ? ಆಗಲೇ ಎಲ್ಲರಿಗೂ ಹೇಳಿ ಆಗಿದೆ. ನೋಡು, ಜನಕ್ಕೆ ಬೇಕಾಗಿರೋದು ರುಚಿ. ಜಾತಕ ಅಲ್ಲ."

"ಹಾಗಾದ್ರೆ ಜಾತಕ ಯಾಕೆ ಅಚ್ಚು ಹಾಕಿಸ್ತೀಯ ಲೇಬಲ್ ಮೇಲೆ? ರಮ್ ಬೆರೆಸಿದ್ದು, ಒಂದು ಚಳಿಗಾಲದ್ದು ಅಂತ ಹಾಕು. ಅದನ್ನೂ ಕುಡಿಯೋರು ಇದ್ದಾರೆ."

"ಬೆರೆಸಿದ್ದು ಅಂದ್ರೆ ಯಾರಕ್ಕ ಬರ್ತಾರೆ?" ಆಮೇಲೆ ಅದೇ ಮೆತ್ತನೆ ದನಿ. "ನೀನು ಎರಡು ಚಳಿಗಾಲ ಅಂತ ಬರೀಬೇಡ. ಚೆನ್ನಾಗಿದೆ ಅಂತ ಮಾತ್ರ ಬರಿ. ಅದು ಸುಳ್ಳಲ್ವಲ್ಲ?"

ಸುಳ್ಳಲ್ಲ. ಇವನಿಗೆ ಇದು ಹೇಗೆ ಗೊತ್ತಾಗುತ್ತದೆ? ನನ್ನಲ್ಲಿ ಯಾವ ಹಲಗೆ ಸಡಿಲವಾಗಿದೆಯೋ ಅಲ್ಲಿಗೇ ಸರಿಯಾಗಿ ಕೈ ಹಾಕುತ್ತಾನೆ.

ಲೇಬಲ್ ಬದಲಾಯಿಸಲು ಇಪ್ಪತ್ತೇಳರ ತನಕ ಸಮಯ ಕೊಟ್ಟೆ. ಬದಲಾಗದಿದ್ದರೆ ಇಪ್ಪತ್ತೆಂಟು, ಶುಕ್ರವಾರ, ಬಿಡುಗಡೆಯ ಹಿಂದಿನ ದಿನ, ನಿಜವನ್ನು ಪುಟದಲ್ಲಿ ಹಾಕುತ್ತೇನೆ ಎಂದೆ. "ಯೋಚನೆ ಮಾಡ್ತೀನಿ" ಎಂದ. ಕಣ್ಣಲ್ಲಿ ನೀರಿತ್ತು. ಇದ್ದರೆ ಇರಲಿ.

ಮಾರ್ಚ್ 19, ಬುಧವಾರ

ಅಮ್ಮ ಮಾತಾಡುತ್ತಿಲ್ಲ. ಪಾತ್ರೆಗಳು ಮಾತಾಡುತ್ತಿವೆ. ಸೂಪಿನ ಬಟ್ಟಲನ್ನು ನನ್ನ ಮುಂದೆ ಕುಕ್ಕಿ ಹೋದಳು. ಉಪ್ಪು ಕಡಿಮೆ ಇತ್ತು. ಕಡಿಮೆ ಇದೆ ಎಂದೆ. ನನಗೆ ಹಾಗನ್ನಿಸುತ್ತಿದೆಯೋ ಏನೋ ಎಂದು ಸೇರಿಸಲಿಲ್ಲ.

ಮಾರ್ಚ್ 21, ಶುಕ್ರವಾರ

ಕೊನೆಗೆ ಬಾಯಿ ಬಿಟ್ಟಳು: "ಅವನ ಹೊಟ್ಟೆ ಮೇಲೆ ಹೊಡೀತೀಯಾ?"

"ಅವನ ಹೊಟ್ಟೆ ಚೆನ್ನಾಗೇ ಇದೆ ಅಮ್ಮಾ, ಮುಂದಕ್ಕೆ ಬಂದಿದೆ. ಬೇರೆ ಮಾತಾಡು."

"ಅಲ್ಲಿ ಹದಿನೆಂಟು ಜನ ಕೆಲಸಕ್ಕಿದ್ದಾರೆ. ನೀನೂ ಸೇರಿ."

ಲೋಟ ತೊಳೆಯುವವಳಿಗೆ ಎರಡು ಮಕ್ಕಳು. ಮೇಸ್ತ್ರಿಗೆ ಈ ವಯಸ್ಸಿನಲ್ಲಿ ಬೇರೆ ಕಡೆ ಯಾರು ಕೆಲಸ ಕೊಡುತ್ತಾರೆ? ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ಈ ಲೆಕ್ಕ ಬಕೆಟ್ ಎತ್ತಿಸಿದವನಿಗೆ ಯಾಕೆ ಬರಲಿಲ್ಲ? ಸುರಿಯುವಾಗ ಹದಿನೆಂಟು ಜನ ಇರಲಿಲ್ಲ. ನಾನು ಬಾಯಿ ತೆರೆದ ಕೂಡಲೇ ಸಾಲಾಗಿ ಬಂದು ನಿಂತರು.

ಆದರೂ ಮನಸ್ಸಿನಲ್ಲಿ ಒಂದು ಆಸೆ: ಲೇಬಲ್ ಬದಲಾದರೆ ಸಾಕು, ಏನನ್ನೂ ಹಾಕುವುದು ಬೇಡ. ಸಣ್ಣ ಕಾಗದದ ಮೇಲೆ ನಾಲ್ಕು ಪದ. ಅಷ್ಟನ್ನು ಮಾಡಲಿ. ಅಷ್ಟು ಮಾಡಿದರೆ ನಾನೇ ಶನಿವಾರ ಬಾಗಿಲಲ್ಲಿ ನಿಂತು ಸುರಿದುಕೊಡುತ್ತೇನೆ.

ಮಾರ್ಚ್ 24, ಸೋಮವಾರ

ಲೇಬಲ್ ಬಂದಿದೆ.

ಬೆಳಿಗ್ಗೆ ಬಾಟಲಿ ತುಂಬಿಸುವ ಕಡೆ ರಟ್ಟಿನ ಪೆಟ್ಟಿಗೆಗಳು ಇದ್ದವು. ಒಂದನ್ನು ಬಿಚ್ಚಿದೆ. "ಎರಡು ಚಳಿಗಾಲ" ಇದ್ದಲ್ಲೇ ಇದೆ. ಅದರ ಕೆಳಗೆ ಹೊಸದೊಂದು ಸಾಲು: "ಎರಡು ಚಳಿಗಾಲ ಕಾದೆ. ಕಾದದ್ದು ಸಾರ್ಥಕ." ಅದರ ಕೆಳಗೆ ನನ್ನ ಸಹಿ. ಹಳೆಯ ಯಾವುದೋ ಟಿಪ್ಪಣಿಯಿಂದ ಎತ್ತಿ, ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿದ್ದು. ಸಹಿಯ ಕೊನೆಯಲ್ಲಿ ನಾನು ಎಳೆಯುವ ಗೀಟು ಸಹಿತ.

ಅಚ್ಚುಕೂಟದವನಿಗೆ ಫೋನ್ ಮಾಡಿದೆ. "ಹನ್ನೆರಡಕ್ಕೆ ಕೊಟ್ಟಿದ್ರು ಮೇಡಂ" ಎಂದ. ನಾನು ಕ್ಷಮೆ ಕೇಳಿದ ದಿನ. "ಹಾಗಾದ್ರೆ ಆಗಲೇ ಅಚ್ಚಾಗಿತ್ತಾ?" ಎಂದು ಕೇಳಿದೆ. ಆಗಿರಲಿ ಎಂದು ಆಸೆಪಟ್ಟೇ ಕೇಳಿದೆ. "ಇಲ್ಲ ಮೇಡಂ, ಹದಿನೇಳಕ್ಕೆ ಸ್ವಲ್ಪ ನಿಲ್ಲಿಸಿ ಅಂದಿದ್ರು. ಇಪ್ಪತ್ತಕ್ಕೆ ಮತ್ತೆ ಫೋನ್ ಮಾಡಿ, ಎಲ್ಲಾ ಸರಿ ಇದೆ, ಬೇಗ ಹಾಕಿ, ಸೋಮವಾರಕ್ಕೇ ಬೇಕು ಅಂದ್ರು."

ಅಂದರೆ ಮೂರು ದಿನ ಯೋಚನೆ ಮಾಡಿದ್ದಾನೆ. ಯೋಚನೆ ಮಾಡಿಯೇ ಮಾಡಿದ್ದಾನೆ. ನಾನು ಕೊಟ್ಟ ಸಮಯವನ್ನು ಬಾಟಲಿಗೆ ಅಂಟಿಸಲು ಬಳಸಿಕೊಂಡಿದ್ದಾನೆ. ಶುಕ್ರವಾರದ ಹೊತ್ತಿಗೆ ಎಲ್ಲ ಬಾಟಲಿಯ ಮೇಲೂ ನನ್ನ ಸಹಿ ಒಣಗಿರುತ್ತದೆ. ಆಮೇಲೆ ನಾನು ಏನು ಹೇಳಿದರೂ ನನ್ನದೇ ಮಾತಿಗೆ ನಾನೇ ವಿರುದ್ಧ ನಿಂತ ಹಾಗೆ. ಅವಳೇ ಸಹಿ ಹಾಕಿದ್ದಳು, ಈಗ ಜಗಳವಾಗಿ ಹೀಗೆನ್ನುತ್ತಿದ್ದಾಳೆ, ಪಾಪ, ಜ್ವರ ಬಂದಮೇಲೆ ಹೀಗೆ. ಅವನ ದನಿಯಲ್ಲಿ ನನಗೆ ಈಗಲೇ ಕೇಳಿಸುತ್ತಿದೆ.

ಅವನ ಕೋಣೆಗೆ ಹೋಗಲಿಲ್ಲ. ಹೋದರೆ ಮೆತ್ತಗೆ ಏನಾದರೂ ಹೇಳುತ್ತಾನೆ. ಮಧ್ಯಾಹ್ನವೇ ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಈ ಬಿಯರನ್ನು ಕಳೆದ ಅಕ್ಟೋಬರಿನಲ್ಲಿ ಪೀಪಾಯಿಗೆ ತುಂಬಿಸಿದೆವು. ಕಳೆದಿರುವುದು ಒಂದೇ ಚಳಿಗಾಲ. ಫೆಬ್ರುವರಿಯಲ್ಲಿ ಒಂಬತ್ತರಲ್ಲಿ ಎಂಟು ಪೀಪಾಯಿಗಳಿಗೆ ರಮ್ ಹಾಗೂ ಮರದ ಸಾರವನ್ನು ಸುರಿಯಲಾಗಿದೆ."

ಸುರಿಯಲಾಗಿದೆ ಎಂಬುದನ್ನು ಹೊಡೆದುಹಾಕಿದೆ. "ನನ್ನ ತಮ್ಮ, ಈ ಕಾರ್ಖಾನೆಯ ಮಾಲೀಕ, ಸುರಿಸಿದ್ದಾನೆ. ರುಚಿ ನೋಡಿ ನಾನು ಕಂಡುಹಿಡಿದೆ. ಆಮೇಲೆ ಕೇಳಿ ಖಚಿತಪಡಿಸಿಕೊಂಡೆ. ಕುಡಿದರೆ ಅಪಾಯವಿಲ್ಲ, ರುಚಿಯೂ ಕೆಟ್ಟದ್ದಲ್ಲ. ಆದರೆ ಬಾಟಲಿ ಹೇಳುತ್ತಿರುವುದು ಸುಳ್ಳು. ಅದರ ಮೇಲಿರುವ ಮಾತನ್ನು ನಾನು ಬರೆದಿಲ್ಲ, ಸಹಿಯನ್ನು ನಾನು ಹಾಕಿಲ್ಲ. ಒಂಬತ್ತನೇ ಪೀಪಾಯಿ ಇನ್ನೂ ಹಸಿಯಾಗಿದೆ. ಅದಕ್ಕೆ ಸಮಯ ಬೇಕು."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಲೇಬಲ್ಲನ್ನು ತೋರಿಸಿದೆ. ಕನ್ನಡಕ ಹುಡುಕಿ, ಹಾಕಿಕೊಂಡು, ನನ್ನ ಸಹಿಯ ಮೇಲೆ ಬೆರಳಾಡಿಸಿದಳು.

"ಇದನ್ನ ನೀನು ಹಾಕಿದ್ದಲ್ವಾ?"

"ಅಲ್ಲ."

ಲೇಬಲ್ಲನ್ನು ಮಗುಚಿಟ್ಟಳು. "ಕೊನೇ ಸಲ ಒಂದು ಮಾತು ಅವನಿಗೆ ಹೇಳಿ ಹಾಕು."

"ಇಲ್ಲಮ್ಮಾ. ಹೇಳಿದರೆ ವೆಬ್ ಪುಟದ ಪಾಸ್‌ವರ್ಡ್ ಬದಲಾಯಿಸ್ತಾನೆ. ನೀನೂ ಹೇಳಬೇಡ."

ಅವಳು ತನ್ನ ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ, ನನ್ನ ಕೈಗೆ ಸಿಗುವ ಹಾಗೆ ಇಟ್ಟು, ಒಳಗೆ ಹೋಗಿ ಮಲಗಿಕೊಂಡಳು. ಅವಳನ್ನು ಕ್ಷಮಿಸಿಲ್ಲ. ಫೋನನ್ನು ಮಾತ್ರ ತೆಗೆದಿಟ್ಟುಕೊಂಡಿದ್ದೇನೆ.

ಶುಕ್ರವಾರ ಎಂದು ಅವನಿಗೆ ಮಾತು ಕೊಟ್ಟಿದ್ದೆ. ಕೊಟ್ಟ ಮಾತಿಗೆ ತಪ್ಪಿದವಳು ಎನ್ನಿಸಿಕೊಳ್ಳಬೇಕಾಗುತ್ತದೆ. ಎನ್ನಲಿ.

ಬಾಟಲಿ ತುಂಬಿಸುವ ಯಂತ್ರ ಶುರುವಾಗುವ ಮೊದಲು, ನಾಳೆ ಬೆಳಿಗ್ಗೆಯೇ ಹಾಕುತ್ತೇನೆ. ಮಾರ್ಚ್ 25, ಮಂಗಳವಾರ.